ಕ್ಯೂ ಬಂತು, ಯು ಇಲ್ಲ: ಅಕ್ಷರ ಹಿಡಿದು ಇಂಗ್ಲಿಷ್ ಪದ ಹುಡುಕುವ ಬಗೆ

ಪುನರ್ವಸು, ಪುಷ್ಯ ಮಳೆಗಳು ಬಿಡದೆ ಹೊಡೆಯುವ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಹೊರಗಿನ ಕೆಲಸ ನಿಲ್ಲುತ್ತದೆ. ಶಾಲೆಗೆ ರಜೆ ಸಿಕ್ಕಿದ ಮಕ್ಕಳ ಜೊತೆ ಜಗಲಿಯಲ್ಲಿ ಚೆನ್ನೆಮಣೆಯೋ ಚೌಕಾಬಾರವೋ ನಡೆಯುತ್ತದೆ. ಈಗೀಗ ಅದರ ಪಕ್ಕದಲ್ಲೇ ಟೈಲ್ ಎಂಬ ಅಕ್ಷರದ ಬಿಲ್ಲೆಗಳಿಂದ ಇಂಗ್ಲಿಷ್ ಪದ ಕಟ್ಟಿ ಅಂಕ ಗಳಿಸುವ ಸ್ಕ್ರ್ಯಾಬಲ್ ಹಲಗೆಯೂ ಬಿಚ್ಚಿಕೊಳ್ಳುತ್ತದೆ, ನೆಟ್‌ವರ್ಕ್ ಸಿಕ್ಕಿದ ಹೊತ್ತಿಗೆ ಮೊಬೈಲಿನಲ್ಲಿ ಐದಕ್ಷರದ ಗುಟ್ಟು ಪದ ಊಹಿಸುವ ವರ್ಡಲ್. ಆಡುವವರ ದೂರು ಒಂದೇ: "ಇಂಗ್ಲಿಷ್ ಪದ ಬೇಕಾದಷ್ಟು ಗೊತ್ತು ಮಾರಾಯ, ಆದ್ರೆ ಈ ಅಕ್ಷರ ಇರೋದು ಹೇಳು ಅಂದ್ರೆ ಒಂದೂ ತಲೆಗೆ ಬರಲ್ಲ."

ಇದು ಪದಗಳ ಕೊರತೆಯಲ್ಲ, ನಮ್ಮ ಲಿಪಿ ಕಲಿಸಿದ ಅಭ್ಯಾಸ. ಕನ್ನಡದಲ್ಲಿ ಕಿವಿಗೆ ಬಿದ್ದದ್ದನ್ನೇ ಬರೆಯುತ್ತೇವೆ. ಹಾಗಾಗಿ ಇಂಗ್ಲಿಷ್ ಪದಗಳನ್ನೂ ತಲೆಯೊಳಗೆ ಸದ್ದಿನ ಪ್ರಕಾರವೇ ಜೋಡಿಸಿಟ್ಟಿರುತ್ತೇವೆ. ಜೆ ಅಕ್ಷರದ ಪದ ಬೇಕು ಅಂದಾಗ ಮನಸ್ಸು 'ಜ' ಸದ್ದಿನ ಡಬ್ಬಿ ತೆರೆಯುತ್ತದೆ. ಅಲ್ಲಿಂದ ಬರುವುದು ಜಿರಾಫ್, ಜಿಮ್, ಜೀನಿಯಸ್, ಜನರಲ್. ಎಲ್ಲವೂ ಜಿ ಅಕ್ಷರದವು. ವಿ ಮತ್ತು ಡಬ್ಲ್ಯೂ ಎರಡೂ ನಮಗೆ 'ವ'. 'ವೇಲ್' ಎಂದು ಬರೆದರೆ ತಿಮಿಂಗಿಲವೂ ಆಯಿತು, ಮುಖಕ್ಕೆ ಹಾಕುವ ಮುಸುಕೂ ಆಯಿತು. 'ರಿದಮ್' ಅಂದಾಗ ಕಿವಿಗೆ ಎರಡು ಸ್ವರ ಕೇಳುತ್ತವೆ, ಬರೆದರೆ ಆರ್-ಎಚ್-ವೈ-ಟಿ-ಎಚ್-ಎಂ, ಐದು ಸ್ವರಾಕ್ಷರಗಳಲ್ಲಿ ಒಂದೂ ಇಲ್ಲ. ಸಾಲಿನಲ್ಲಿ ನಿಲ್ಲುವ 'ಕ್ಯೂ' ಬಾಯಲ್ಲಿ ಒಂದೇ ಉಸಿರು, ಕಾಗದದ ಮೇಲೆ ಐದು ಅಕ್ಷರ, ಅದರಲ್ಲಿ ನಾಲ್ಕು ಸ್ವರ. ಪದದಾಟ ಕೇಳುವುದು ಕಾಗದದ ಮೇಲಿನದನ್ನು. ಕಿವಿಯ ಡಬ್ಬಿಯಿಂದ ಪದ ತೆಗೆಯುವುದನ್ನು ಬಿಟ್ಟು ಕಣ್ಣಿನ ಡಬ್ಬಿ ಕಟ್ಟಿಕೊಳ್ಳುವುದೇ ಇಲ್ಲಿನ ಕೆಲಸ. (ಕಾಗುಣಿತ ಮುಖ್ಯವಾದ ಕಡೆ ಅಕ್ಷರಗಳ ಹೆಸರನ್ನೇ ಅಡ್ಡಗೆರೆ ಹಾಕಿ ಬರೆದಿದ್ದೇನೆ. ಕ್ಯೂ-ಐ ಅಂದರೆ ಎರಡಕ್ಷರದ ಪದ.)

ಮೊದಲ ಅಭ್ಯಾಸ: ಒಂಟಿ ಅಕ್ಷರ ಹುಡುಕಬೇಡಿ, ಅದು ಯಾವ ಅಕ್ಷರದ ಜೊತೆ ಅಂಟಿಕೊಂಡು ಬರುತ್ತದೋ ಆ ಜೋಡಿಯನ್ನು ಹುಡುಕಿ. ಎಚ್ ಇರುವ ಪದ ಬೇಕು ಅಂದುಕೊಂಡರೆ ಏನೂ ಬರುವುದಿಲ್ಲ. ಸಿ-ಎಚ್, ಎಸ್-ಎಚ್, ಟಿ-ಎಚ್, ಪಿ-ಎಚ್, ಜಿ-ಎಚ್, ಡಬ್ಲ್ಯೂ-ಎಚ್ ಎಂದು ಒಂದೊಂದಾಗಿ ಕೇಳಿಕೊಂಡರೆ ಪ್ರತಿಯೊಂದಕ್ಕೂ ಹತ್ತಾರು ಪದ ಬರುತ್ತವೆ. ಕೆ ಆದರೆ ಸಿ-ಕೆ, ಎನ್-ಕೆ, ಎಸ್-ಕೆ, ಕೊನೆಯಲ್ಲಿ ಕೆ-ಇ. ಡಬ್ಲ್ಯೂ ಆದರೆ ಒ-ಡಬ್ಲ್ಯೂ, ಎ-ಡಬ್ಲ್ಯೂ, ಇ-ಡಬ್ಲ್ಯೂ, ಎಸ್-ಡಬ್ಲ್ಯೂ, ಟಿ-ಡಬ್ಲ್ಯೂ, ಮತ್ತು ಬಾಯಲ್ಲಿ ಕೇಳಿಸದೆ ಹೋಗುವ ಡಬ್ಲ್ಯೂ-ಆರ್: ರೈಟ್, ರಾಂಗ್, ರಿಸ್ಟ್. ಈ ಕೊನೆಯ ಗುಂಪು ನಮ್ಮವರಿಗೆ ಹೊಳೆಯುವುದೇ ಇಲ್ಲ, ಏಕೆಂದರೆ ಕಿವಿಯಲ್ಲಿ ಅವು 'ರ' ಡಬ್ಬಿಯಲ್ಲಿವೆ.

ಅಕ್ಷರ ಪದದ ಯಾವ ಕಡೆ ಕೂರುತ್ತದೆ ಎಂಬುದೂ ಗೊತ್ತಿರಬೇಕು. ಎಕ್ಸ್‌ನಿಂದ ಶುರುವಾಗುವ ಪದ ಹುಡುಕುತ್ತ ಕೂತರೆ ಸಮಯ ಹಾಳು. ಅದು ಕೊನೆಯಲ್ಲಿ ಕೂರುವ ಅಕ್ಷರ: ಬಾಕ್ಸ್, ಟ್ಯಾಕ್ಸ್, ಫಿಕ್ಸ್, ರಿಲ್ಯಾಕ್ಸ್. ಇಲ್ಲವಾದರೆ ಇ-ಎಕ್ಸ್ ಎಂಬ ಮುಂದಲೆಯಲ್ಲಿ. ವಿ ಕೊನೆಯಲ್ಲಿ ಬರುವುದು ತೀರ ಅಪರೂಪ, ಅದರ ಹಿಂದೆ ಸಾಮಾನ್ಯವಾಗಿ ಇ ಇರುತ್ತದೆ: ಗಿವ್, ಲವ್, ಆಕ್ಟಿವ್. ಕಿವಿಗೆ 'ವ್' ಎಂದು ಮುಗಿದರೂ ಕೊನೆಯ ಇ ಟೈಲ್ ನಿಮ್ಮ ಕೈಯಲ್ಲಿ ಬೇಕು. ಜೆ ಕೊನೆಗೆ ಬರುವ ಪದಗಳು ಬಹುಪಾಲು ನಮ್ಮ ಕಡೆಯಿಂದ, ಅರಬ್ ಕಡೆಯಿಂದ ಹೋದವು: ರಾಜ್, ತಾಜ್, ಹಜ್, ಸ್ವರಾಜ್.

ಕ್ಯೂ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಜನ ಸೋಲುವುದು ಅಲ್ಲೇ. ಯು ಕೈಯಲ್ಲಿದ್ದರೆ ಪದದ ಮೊದಲಲ್ಲೇ ಕ್ಯೂ ಇಡಬೇಕೆಂದಿಲ್ಲ. ನಡುವೆ ನೋಡಿ: ಈಕ್ವಲ್, ಸ್ಕ್ವಾಡ್, ಲಿಕ್ವಿಡ್, ಆಕ್ವಾ. ಕೊನೆಯಲ್ಲಿ ನೋಡಿ: ಯೂನಿಕ್, ಆಂಟೀಕ್, ಟೆಕ್ನೀಕ್. ಬ್ಯಾಂಕಿನ ಚೆಕ್‌ನಲ್ಲೂ ಕ್ಯೂ ಇದೆ, ಸಿ-ಎಚ್-ಇ-ಕ್ಯೂ-ಯು-ಇ. ಇಲ್ಲೆಲ್ಲ ಕಿವಿ ಹೇಳುವುದು ಬರೀ 'ಕ್'. ಯು ಇಲ್ಲದಿದ್ದರೆ ಮೊದಲ ಆಸರೆ ಕ್ಯೂ-ಐ, ಚೀನೀ ಮೂಲದ ಪದ. ಅದರ ಕೊನೆಗೆ ಎಸ್ ಹಚ್ಚಬಹುದು. ಆಮೇಲೆ ಕ್ಯೂ-ಎ-ಟಿ, ಕ್ಯೂ-ಎ-ಡಿ-ಐ, ಕ್ಯೂ-ಎ-ಐ-ಡಿ, ಕ್ಯೂ-ಒ-ಪಿ-ಎಚ್, ಎಫ್-ಎ-ಕ್ಯೂ-ಐ-ಆರ್, ಎನ್-ಐ-ಕ್ಯೂ-ಎ-ಬಿ, ಟಿ-ಎ-ಎಲ್-ಎ-ಕ್ಯೂ. ಫಕೀರ, ನಿಖಾಬ್, ತಲಾಖ್ ನಾವು ಮೊದಲೇ ಕೇಳಿದ ಪದಗಳು, ಆದ್ದರಿಂದ ಇವು ನೆನಪಿನಲ್ಲಿ ಬೇಗ ನಿಲ್ಲುತ್ತವೆ.

ಕ್ಯೂ-ಐ ಎಷ್ಟು ದುಡಿಯುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಹಲಗೆಯ ಮೇಲೆ ಮೊದಲೇ ಇರುವ ಒಂದು ಐ ಮೇಲ್ಗಡೆಯ ಮನೆ ಅಕ್ಷರದ ಬೆಲೆಯನ್ನು ಮೂರು ಪಟ್ಟು ಮಾಡುವಂಥದ್ದಾಗಿದ್ದು ಖಾಲಿ ಇದೆ ಅನ್ನಿ. ಅಲ್ಲಿ ಕ್ಯೂ ಇಟ್ಟು ಅದರ ಬಲಕ್ಕೆ ಕೈಯಲ್ಲಿರುವ ಐ ಇಟ್ಟರೆ ಅಡ್ಡಕ್ಕೂ ಕ್ಯೂ-ಐ, ಉದ್ದಕ್ಕೂ ಕ್ಯೂ-ಐ. ಒಂದೊಂದಕ್ಕೆ ಕ್ಯೂ-ನ 10ರ ಮೂರು ಪಟ್ಟು 30 ಮತ್ತು ಐ-ಯ 1, ಒಟ್ಟು 62 ಅಂಕ, ಎರಡೇ ಟೈಲಿನಲ್ಲಿ. ಹೊಸ ಐ ಕೆಳಗಿನ ಮನೆ ಖಾಲಿ ಇರಬೇಕು ಎಂಬುದನ್ನು ಮಾತ್ರ ನೋಡಿಕೊಳ್ಳಿ, ಇಲ್ಲವಾದರೆ ಅಲ್ಲೊಂದು ಬೇಡದ ಪದ ಹುಟ್ಟುತ್ತದೆ. ಇದರ ವಿರುದ್ಧ, ಆಟ ಮುಗಿಯುವಾಗ ಕ್ಯೂ ಕೈಯಲ್ಲೇ ಉಳಿದರೆ ನಿಮಗೆ 10 ಕಳೆಯುತ್ತದೆ, ಟೈಲ್ ಖಾಲಿ ಮಾಡಿದ ಎದುರಾಳಿಗೆ 10 ಸೇರುತ್ತದೆ. ಟೈಲ್ ಬದಲಿಸಲು ಚೀಲದಲ್ಲಿ ಕನಿಷ್ಠ 7 ಟೈಲ್ ಇರಬೇಕು. ಹಾಗಾಗಿ ಕ್ಯೂ ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ಚೀಲ ತುಂಬಿರುವಾಗಲೇ ನಿರ್ಧರಿಸಿ.

ಎರಡಕ್ಷರದ ಪದಗಳನ್ನು ಬಾಯಿಪಾಠ ಮಾಡುವುದಕ್ಕೆ ಬದಲಿ ಇಲ್ಲ. ಭಾರತದ ಪಂದ್ಯಾವಳಿಗಳಲ್ಲಿ ನಡೆಯುವ, ಆಟದಲ್ಲಿ ಒಪ್ಪುವ ಪದಗಳ ಕಾಲಿನ್ಸ್ ಪಟ್ಟಿಯ 2019ರ ಆವೃತ್ತಿಯಲ್ಲಿ ಇವು 127. ಮಗ್ಗಿ ಕಲಿತವರಿಗೆ ಇದು ಎರಡು ವಾರದ ಕೆಲಸ. ಭಾರದ, ಅಂದರೆ ಹೆಚ್ಚು ಅಂಕದ ಅಕ್ಷರಗಳಿಂದ ಶುರು ಮಾಡಿ: ಜೆಡ್-ಎ, ಜೆಡ್-ಇ, ಜೆಡ್-ಒ, ಜೆ-ಎ, ಜೆ-ಒ, ಎ-ಎಕ್ಸ್, ಇ-ಎಕ್ಸ್, ಒ-ಎಕ್ಸ್, ಎಕ್ಸ್-ಐ, ಎಕ್ಸ್-ಯು, ಕೆ-ಎ, ಕೆ-ಐ, ಕೆ-ಒ, ಕೆ-ವೈ, ಒ-ಕೆ. ವಿ ಇರುವ ಎರಡಕ್ಷರದ ಪದ ಒಂದೂ ಇಲ್ಲ. ಸಿ ಇರುವುದು ಕಾಲಿನ್ಸ್‌ನಲ್ಲಿ ಸಿ-ಎಚ್ ಒಂದೇ, ಅಮೆರಿಕದ ಪಟ್ಟಿಯಲ್ಲಿ ಅದೂ ಇಲ್ಲ. ಇದು ಕೊರತೆಯಂತೆ ಕಂಡರೂ ಉಪಯೋಗಕ್ಕೆ ಬರುತ್ತದೆ. ನೀವು ಮುಂದಿರುವಾಗ ಸಿ, ವಿ ಅಕ್ಷರಗಳನ್ನು ಹೊರಮೈಗೆ ಬರುವಂತೆ ಇಟ್ಟರೆ ಪಕ್ಕದಲ್ಲಿ ಸಮಾನಾಂತರವಾಗಿ ಪದ ಕಟ್ಟುವುದು ಎದುರಾಳಿಗೆ ಕಷ್ಟ.

ಈಗ ಕೈಯಲ್ಲಿರುವ ಏಳು ಟೈಲ್. ಬಂದ ಹಾಗೆ ಇಟ್ಟುಕೊಂಡು ದಿಟ್ಟಿಸುವುದು ಎಲ್ಲರೂ ಮಾಡುವ ತಪ್ಪು. ಮೊದಲು ಬಾಲವನ್ನು ಬೇರೆ ಮಾಡಿ ಬಲತುದಿಗೆ ತಳ್ಳಿ: ಐ-ಎನ್-ಜಿ, ಇ-ಡಿ, ಇ-ಆರ್, ಇ-ಎಸ್-ಟಿ, ಎಲ್-ವೈ. ತಲೆ ಇದ್ದರೆ ಎಡತುದಿಗೆ: ಆರ್-ಇ, ಯು-ಎನ್, ಒ-ಯು-ಟಿ. ಉಳಿದ ಮೂರೋ ನಾಲ್ಕೋ ಅಕ್ಷರಗಳಲ್ಲಿ ಪದ ಕಾಣುವುದು ಏಳರಲ್ಲಿ ಕಾಣುವುದಕ್ಕಿಂತ ಎಷ್ಟೋ ಸುಲಭ. ಏಳೂ ಒಮ್ಮೆಗೇ ಇಳಿಸಿದರೆ 50 ಅಂಕ ಹೆಚ್ಚುವರಿ. ಅದಕ್ಕಾಗಿ ಆರಕ್ಷರದ ಒಂದೆರಡು ಕಾಂಡಗಳನ್ನು ಕಲಿತಿಡಬೇಕು. ಆರ್-ಇ-ಟಿ-ಐ-ಎನ್-ಎ, ಅಂದರೆ ಕಣ್ಣಿನ ರೆಟಿನಾ, ಇವುಗಳಲ್ಲಿ ಶ್ರೇಷ್ಠ. ಜಿ ಸೇರಿದರೆ ಗ್ರಾನೈಟ್ ಅಥವಾ ಟೇರಿಂಗ್, ಎಸ್ ಸೇರಿದರೆ ರಿಟೇನ್ಸ್ ಅಥವಾ ನಾಸ್ಟಿಯರ್. ಇನ್ನೊಂದು ಟಿ-ಐ-ಎಸ್-ಎ-ಎನ್-ಇ. ಡಿ ಬಂದರೆ ಇನ್‌ಸ್ಟೆಡ್, ಎಂ ಬಂದರೆ ಇನ್‌ಮೇಟ್ಸ್, ಕೆ ಬಂದರೆ ಇನ್‌ಟೇಕ್ಸ್, ಯು ಬಂದರೆ ಆಂಟೀಸ್. ಈ ಅಕ್ಷರಗಳೇ ಏಕೆ ಅಂದರೆ ಚೀಲದಲ್ಲಿ ಅವೇ ಹೆಚ್ಚು. 100 ಟೈಲ್‌ಗಳಲ್ಲಿ 12 ಇ, 9 ಎ, 9 ಐ, 6 ಎನ್, 6 ಆರ್, 6 ಟಿ. ಆಟ ಕಂಡುಹಿಡಿದ ನ್ಯೂಯಾರ್ಕಿನ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿ ಅಕ್ಷರ ಎಣಿಸಿ ಈ ಲೆಕ್ಕ ಕೂರಿಸಿದರು. ಎಸ್ ಮಾತ್ರ ಬೇಕೆಂದೇ ಕಡಿಮೆ, 4. ಬಹುವಚನ ಮಾಡಿ ಸುಲಭವಾಗಿ ಅಂಕ ಬಾಚಿಕೊಳ್ಳಬಾರದು ಎಂದು. ಹಾಗಾಗಿ ಎಸ್ ಅನ್ನು ನಾಲ್ಕೈದು ಅಂಕದ ಆಸೆಗೆ ಖರ್ಚು ಮಾಡುವುದು ನನ್ನ ಮಟ್ಟಿಗೆ ದುಂದು.

ಅಕ್ಷರ ಕಲಸಿ ಪದ ಕಾಣುವ ಕಣ್ಣು ಬರಲು ಒಂದು ನೋಟ್‌ಬುಕ್ ಸಾಕು. ಪ್ರತಿ ಪದದ ಅಕ್ಷರಗಳನ್ನು ಎ-ಯಿಂದ ಜೆಡ್‌ವರೆಗಿನ ಕ್ರಮದಲ್ಲಿ ಎಡಗಡೆ ಬರೆಯಿರಿ, ಬಲಗಡೆ ಅದೇ ಅಕ್ಷರಗಳಿಂದ ಆಗುವ ಎಲ್ಲ ಪದ. ಎ-ಸಿ-ಇ-ಇ-ಎಚ್-ಆರ್-ಟಿ ಎಂದು ಬರೆದರೆ ಬಲಗಡೆ ಟೀಚರ್, ಚೀಟರ್, ಹೆಕ್ಟೇರ್ ಮೂರೂ ಬರುತ್ತವೆ. ಎ-ಸಿ-ಇ-ಆರ್ ಅಂದರೆ ಏಕರ್, ಕೇರ್, ರೇಸ್. ನಮ್ಮ ತೋಟದ ಎರಡು ಅಳತೆಗಳೂ ಹೀಗೆ ಸಿಕ್ಕಿದವು. ಆಡುವಾಗ ರ‍್ಯಾಕಿನ ಟೈಲ್‌ಗಳನ್ನೂ ಇದೇ ಕ್ರಮದಲ್ಲಿ ಜೋಡಿಸಿಕೊಂಡರೆ, ನೋಟ್‌ಬುಕ್ಕಿನಲ್ಲಿ ಓದಿದ ಸಾಲು ಕಣ್ಣಿಗೆ ತಾನಾಗಿ ಗುರುತು ಹತ್ತುತ್ತದೆ. ದಿನಕ್ಕೆ ಹತ್ತು ಸಾಲು ಸಾಕು, ಹೆಚ್ಚು ಬರೆದರೆ ಹಿಂದಿನದು ಅಳಿಸುತ್ತದೆ. ಪೆನ್ಸಿಲಿನಲ್ಲೇ ಬರೆಯಿರಿ, ಮಳೆಗಾಲದ ತೇವದ ಕಾಗದದಲ್ಲಿ ಇಂಕು ಹರಡಿದರೆ ಇ ಯಾವುದು ಸಿ ಯಾವುದು ತಿಳಿಯುವುದಿಲ್ಲ.

ಅದೇ ನೋಟ್‌ಬುಕ್ಕಿನ ಇನ್ನೊಂದು ಭಾಗ ಕೊಕ್ಕೆಗಳಿಗೆ, ಅಂದರೆ ಇರುವ ಪದದ ಹಿಂದೆ ಮುಂದೆ ಒಂದಕ್ಷರ ಸಿಕ್ಕಿಸುವುದು. ರೇನ್ ತೆಗೆದುಕೊಳ್ಳಿ. ಮುಂದೆ ಬಿ, ಡಿ, ಜಿ, ಟಿ ಹಚ್ಚಿದರೆ ಬ್ರೇನ್, ಡ್ರೇನ್, ಗ್ರೇನ್, ಟ್ರೇನ್. ಟ್ರೇನಿಗೆ ಎಸ್ ಹಚ್ಚಿದರೆ ಸ್ಟ್ರೇನ್. ಹಿಂದುಗಡೆ ಎಸ್, ವೈ. ಅಕ್ಷರ ಕಲಸಿದರೆ ರಾಣಿ, ಆರ್-ಎ-ಎನ್-ಐ, ಅದೂ ಪಟ್ಟಿಯಲ್ಲಿದೆ.

ಇಲ್ಲಿ ನಮಗೊಂದು ಅನುಕೂಲವಿದೆ, ಬಹಳ ಜನ ಬಳಸುವುದಿಲ್ಲ. ಕಾಲಿನ್ಸ್ ಪಟ್ಟಿಯಲ್ಲಿ ಭಾರತದ ಪದಗಳು ಧಾರಾಳವಾಗಿವೆ. ದೋಸೆ ಡಿ-ಒ-ಎಸ್-ಎ, ಇಡ್ಲಿ ಐ-ಡಿ-ಎಲ್-ಐ, ವಡೆ ವಿ-ಎ-ಡಿ-ಎ, ರಾಗಿ ಆರ್-ಎ-ಜಿ-ಐ, ಜೋಳ ಜೆ-ಒ-ಡಬ್ಲ್ಯೂ-ಎ-ಆರ್, ಸಜ್ಜೆ ಬಿ-ಎ-ಜೆ-ಆರ್-ಎ. ಲಕ್ಷ, ಕೋಟಿ, ತಾಲ್ಲೂಕು, ಜಿಲ್ಲೆಗಳು ಎಲ್-ಎ-ಕೆ-ಎಚ್, ಸಿ-ಆರ್-ಒ-ಆರ್-ಇ, ಟಿ-ಎ-ಎಲ್-ಯು-ಕೆ, ಜೆಡ್-ಐ-ಎಲ್-ಎಲ್-ಎ ಆಗಿ ಕೂತಿವೆ. ಅಡಿಕೆ ಎ-ಆರ್-ಇ-ಸಿ-ಎ: ಐದರಲ್ಲಿ ಮೂರು ಸ್ವರ, ಎ-ಗಳು ತುಂಬಿಕೊಂಡಾಗ ಕೈ ಹಗುರ ಮಾಡುವ ಪದ. ಆಗುಂಬೆಯ ಘಾಟಿ ಜಿ-ಎಚ್-ಎ-ಟಿ. ಕಾಡಿಗೆ ಹೋದರೆ ಕಾಟಿ ಜಿ-ಎ-ಯು-ಆರ್, ಸೀಳುನಾಯಿ ಡಿ-ಎಚ್-ಒ-ಎಲ್-ಇ, ಕಡವೆ ಎಸ್-ಎ-ಎಂ-ಬಿ-ಎ-ಆರ್. ಕಾಟಿಗೆ ಎಸ್ ಸೇರಿಸಿ ಕಲಸಿದರೆ ಶುಗರ್, ಸೀಳುನಾಯಿಯನ್ನು ಕಲಸಿದರೆ ಎಚ್-ಒ-ಎಲ್-ಇ-ಡಿ. ಆದರೆ ನಮ್ಮ ಉಚ್ಚಾರಣೆ ನೋಡಿ ಕಾಗುಣಿತ ಊಹಿಸಿದರೆ ಮೋಸ ಹೋಗುತ್ತೇವೆ. ದೋಸೆಯನ್ನು ಇ-ಯಿಂದ ಮುಗಿಸಿದರೆ ಅದು ಡೋಸ್ ಆಗುತ್ತದೆ, ಅಂಕ ಸಿಗುವುದು ಔಷಧಿಯ ಡೋಸಿಗೆ. ಊರಿನ, ವ್ಯಕ್ತಿಯ ಹೆಸರುಗಳು ನಡೆಯುವುದಿಲ್ಲ, ಶಿವಮೊಗ್ಗವೂ ಅಷ್ಟೇ.

ವರ್ಡಲ್‌ನಲ್ಲಿ ಲೆಕ್ಕ ಬೇರೆ. ಜಾಶ್ ವಾರ್ಡಲ್ 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡ ಈ ಆಟದಲ್ಲಿ ಐದಕ್ಷರ, ಆರು ಸಾಲು. ಹಾಕಿದ ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಉತ್ತರದಲ್ಲಿದ್ದು ಜಾಗ ತಪ್ಪಿದ್ದರೆ ಹಳದಿ, ಇಲ್ಲದಿದ್ದರೆ ಬೂದು. ಇಲ್ಲಿ ಉತ್ತರವನ್ನು ಊಹಿಸುವುದಕ್ಕಿಂತ ಉಳಿದ ಸಾಧ್ಯತೆಗಳನ್ನು ಒಡೆಯುವುದು ಮುಖ್ಯ. ಕೊನೆಯ ನಾಲ್ಕು ಅಕ್ಷರ ಐ-ಜಿ-ಎಚ್-ಟಿ ಹಸಿರಾಗಿವೆ, ಮೊದಲನೆಯದು ಗೊತ್ತಿಲ್ಲ ಅನ್ನಿ. ಕಿವಿಯನ್ನು ಕೇಳಿದರೆ ಕೈಟ್, ಬೈಟ್, ಬಿಳಿಯ ವೈಟ್ ಎಲ್ಲ ಬಂದು ಗದ್ದಲ ಮಾಡುತ್ತವೆ, ಒಂದೂ ಕೂರುವುದಿಲ್ಲ. ಕಣ್ಣಿನಿಂದ ನೋಡಿದರೆ, ತೀರ ಅಪರೂಪದವನ್ನು ಬಿಟ್ಟು, ಒಂಬತ್ತು: ಮೊದಲಕ್ಷರ ಎಫ್, ಎಲ್, ಎಂ, ಎನ್, ಆರ್, ಎಸ್, ಟಿ, ಡಬ್ಲ್ಯೂ, ಮತ್ತು ಇ. ಕೊನೆಯದು ಎಂಟು ಎಂಬ ಅರ್ಥದ ಏಟ್. ಸದ್ದು ಬೇರೆಯಾದ್ದರಿಂದ ಅದನ್ನೇ ಎಲ್ಲರೂ ಮರೆಯುವುದು. ಒಂದೊಂದಾಗಿ ಹಾಕುತ್ತ ಹೋದರೆ ಸಾಲು ಮುಗಿಯುತ್ತದೆ. ಬದಲಿಗೆ ಎಫ್-ಐ-ಎಲ್-ಎಂ-ಎಸ್ ಹಾಕಿ. ಎಫ್, ಎಲ್, ಎಂ, ಎಸ್‌ಗಳಲ್ಲಿ ಯಾವುದಕ್ಕೆ ಬಣ್ಣ ಬಂತೋ ಅದೇ ಮೊದಲಕ್ಷರ. ಯಾವುದಕ್ಕೂ ಬರದಿದ್ದರೆ ಟಿ-ಆರ್-ಇ-ಎನ್-ಡಿ. ಆರ್, ಇ, ಎನ್‌ಗಳಲ್ಲಿ ಒಂದು ಹಳದಿಯಾದರೆ ಅದು. ಟಿ ಎಲ್ಲ ಉತ್ತರಗಳಲ್ಲೂ ಇರುವುದರಿಂದ ಅದಕ್ಕೆ ಬಣ್ಣ ಬಂದೇ ಬರುತ್ತದೆ, ಹಸಿರು ಬಂದರೆ ಮಾತ್ರ ಟೈಟ್. ಏನೂ ಇಲ್ಲದಿದ್ದರೆ ಡಬ್ಲ್ಯೂ. ಒಂಬತ್ತು ಸಾಧ್ಯತೆ, ಹೆಚ್ಚೆಂದರೆ ಮೂರು ಸಾಲು. ಸಿಕ್ಕ ಸುಳಿವನ್ನು ಮುಂದಿನ ಸಾಲಿನಲ್ಲಿ ಬಳಸಲೇಬೇಕಾದ ಹಾರ್ಡ್ ಮೋಡ್ ಹಾಕಿಕೊಂಡಿದ್ದರೆ ಈ ದಾರಿ ಮುಚ್ಚಿರುತ್ತದೆ. ಹಾಗೆ ಆಡುವವರು ಇಂಥ ಬಾಲ ಕಾಣುವ ಮೊದಲೇ, ಎರಡನೇ ಸಾಲಿನಲ್ಲೇ, ಬೇರೆ ಬೇರೆ ವ್ಯಂಜನಗಳನ್ನು ಪರೀಕ್ಷಿಸಿಟ್ಟುಕೊಳ್ಳಬೇಕು.

ಜೋಡಿ ಅಕ್ಷರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನೀವು ಹಾಕಿದ ಪದದಲ್ಲಿ ಎರಡು ಎಲ್ ಇದ್ದು ಒಂದು ಹಳದಿ, ಇನ್ನೊಂದು ಬೂದು ಆದರೆ, ಉತ್ತರದಲ್ಲಿ ಎಲ್ ಒಂದೇ ಇದೆ ಎಂದರ್ಥ, ಎಲ್ ಇಲ್ಲವೇ ಇಲ್ಲ ಅಂತ ಅಲ್ಲ.

ಪದ ಹುಡುಕಿಕೊಡುವ ಜಾಲತಾಣಗಳು ಬೇಕಾದಷ್ಟಿವೆ. ಮಳೆಯಲ್ಲಿ ನೆಟ್‌ವರ್ಕ್ ಹೋದಾಗಲೂ ಕೆಲಸ ಮಾಡುವುದು ನಿಮ್ಮದೇ ಕಂಪ್ಯೂಟರಿನ ಒಂದು ಎಕ್ಸೆಲ್ ಫೈಲ್. ಎನೇಬಲ್ ಎಂಬ ಪದಪಟ್ಟಿ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ, 1,72,820 ಪದ. ಅಂಟಿಸುವ ಮೊದಲು ಕಾಲಮ್ಮನ್ನು ಟೆಕ್ಸ್ಟ್ ಮಾದರಿಗೆ ಬದಲಿಸಿ. ಹಾಗೆ ಮಾಡದಿದ್ದರೆ ಟ್ರೂ ಮತ್ತು ಫಾಲ್ಸ್ ಎಂಬ ಎರಡು ಪದಗಳನ್ನು ಎಕ್ಸೆಲ್ ಪದವೆಂದು ತಿಳಿಯದೆ ಹೌದು-ಅಲ್ಲ ಎಂಬ ತನ್ನ ಲೆಕ್ಕದ ಬೆಲೆಯಾಗಿ ಮಾಡಿಕೊಳ್ಳುತ್ತದೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಪಕ್ಕದ ಕಾಲಮ್ಮಿನಲ್ಲಿ ಪದದ ಉದ್ದ ಎಣಿಸುವ ಸೂತ್ರ ಹಾಕಿ, ಮೇಲಿನ ಸಾಲಿಗೆ ಫಿಲ್ಟರ್ ಹಚ್ಚಿ. ಫಿಲ್ಟರಿನಲ್ಲಿ ? ಅಂದರೆ ಯಾವುದಾದರೂ ಒಂದೇ ಅಕ್ಷರ, * ಅಂದರೆ ಎಷ್ಟಾದರೂ ಅಕ್ಷರ. ಒಂದು ? ಹಾಕಿ ಐ-ಜಿ-ಎಚ್-ಟಿ ಬರೆದು 'ಸಮ' ಎಂಬ ಷರತ್ತು ಕೊಟ್ಟರೆ ಮೇಲಿನ ಒಂಬತ್ತು ಪದಗಳೂ ಜೊತೆಗೆ ಕೆಲವು ಅಪರೂಪದ ಪದಗಳೂ ಎದುರಿಗೆ ನಿಲ್ಲುತ್ತವೆ. ಲಿಬ್ರೆಆಫೀಸ್ ಬಳಸುವವರು ಸೆಟ್ಟಿಂಗ್‌ನಲ್ಲಿ ವೈಲ್ಡ್‌ಕಾರ್ಡ್ ಆಯ್ಕೆ ಚಾಲೂ ಇದೆಯೇ ನೋಡಿಕೊಳ್ಳಿ.

ಈ ಫಿಲ್ಟರಿನಲ್ಲಿ ಮೂರು ಕಡೆ ಎಡವುತ್ತಾರೆ. * ಎ * ಬಿ * ಎಂದು ಕೊಟ್ಟರೆ ಎ ಮೊದಲು, ಬಿ ಆಮೇಲೆ ಬರುವ ಪದಗಳಷ್ಟೇ ಸಿಗುತ್ತವೆ. ಕ್ರಮ ಬೇಡವೆಂದರೆ 'ಎ ಇದೆ', 'ಬಿ ಇದೆ' ಎಂದು ಎರಡು ಷರತ್ತು ಬೇರೆ ಬೇರೆ ಕೊಡಬೇಕು. ಎರಡು ಇ ಬೇಕಾದರೆ 'ಇ ಇದೆ' ಎಂದು ಎರಡು ಸಲ ಹೇಳಿ ಉಪಯೋಗವಿಲ್ಲ, * ಇ * ಇ * ಎಂದೇ ಬರೆಯಬೇಕು. ಮೂರನೆಯದು, ಯು ಇಲ್ಲದ ಕ್ಯೂ ಹುಡುಕುವಾಗ 'ಕ್ಯೂ ಇದೆ, ಯು ಇಲ್ಲ' ಎಂದು ಕೊಡುವುದು. ಹಾಗೆ ಕೊಟ್ಟರೆ ಬುರ್ಖಾ, ಅಂದರೆ ಬಿ-ಯು-ಆರ್-ಕ್ಯೂ-ಎ, ಪಟ್ಟಿಯಲ್ಲಿದ್ದರೂ ತಪ್ಪಿಹೋಗುತ್ತದೆ. ಅದರಲ್ಲಿ ಯು ಇದೆ, ಕ್ಯೂ ಹಿಂದೆ ಇಲ್ಲ ಅಷ್ಟೇ. ಷರತ್ತು 'ಕ್ಯೂ ಇದೆ, ಕ್ಯೂ-ಯು ಜೋಡಿ ಇಲ್ಲ' ಎಂದಿರಬೇಕು.

ಫೈಲ್ ಹಳೆಯದಾದರೆ ಇನ್ನೊಂದು ತಕರಾರು ಬರುತ್ತದೆ. ಕ್ಯೂ-ಐ ಮತ್ತು ಜೆಡ್-ಎ ಅಮೆರಿಕದ ಪಟ್ಟಿಗೆ ಸೇರಿದ್ದು 2006ರಲ್ಲಿ, ಒ-ಕೆ ಮತ್ತು ಇ-ಡಬ್ಲ್ಯೂ 2018ರಲ್ಲಿ. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ನೋಡಿ ಎದುರಿನವರ ಪದವನ್ನು ತಪ್ಪು ಅಂದರೆ ಜಗಳ ಆಗುತ್ತದೆ. ಯಾವ ಪಟ್ಟಿ, ಯಾವ ವರ್ಷದ್ದು ಎಂಬುದನ್ನು ಮೊದಲ ಟೈಲ್ ಎಳೆಯುವ ಮುಂಚೆ ಎಲ್ಲರೂ ಒಪ್ಪಿಕೊಳ್ಳಿ. ಎರಡಕ್ಷರದ ಪದಗಳನ್ನೂ ಯು ಇಲ್ಲದ ಕ್ಯೂ ಪದಗಳನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಹಲಗೆಯ ಡಬ್ಬಿಯೊಳಗೆ ಇಡಿ. ಅದನ್ನು ಲ್ಯಾಮಿನೇಷನ್ ಮಾಡಿಸಿಯೇ ಇಡಿ, ಈ ಕಡೆಯ ತೇವದಲ್ಲಿ ಬರಿ ಹಾಳೆ ಬೂಸಲು ಹಿಡಿಯದೆ ಒಂದು ಮಳೆಗಾಲ ದಾಟುವುದು ಕಷ್ಟ.